ತನ್ನ ಬೆನ್ನು ತನಗೆ ಕಾಣದು

ಹತ್ತು ಮಂದಿ ಕೂಡಿ ಬಾವಿ ತೋಡಿದರೆ ಕೆಲಸ ಎಷ್ಟಾಯಿತು, ಎಲ್ಲಿ ಕೆಟ್ಟಿತು ಎಂಬುದು ದಾರಿಹೋಕನಿಗೂ ಕಾಣುತ್ತದೆ. ಹತ್ತು ಮಂದಿ ಕೂಡಿ ಗಣಕಯಂತ್ರಕ್ಕೆ ತಂತ್ರಾಂಶ ಬರೆಯುವಾಗ ಹಾಗಲ್ಲ. ಅಲ್ಲಿ ಇರುವುದು ಬರಿಯ ಬರವಣಿಗೆ. ಒಬ್ಬನ ಒಂದು ಸಾಲಿನಲ್ಲಿ ದೋಷವಿದ್ದರೆ ಉಳಿದ ಒಂಬತ್ತು ಮಂದಿಯ ದುಡಿಮೆಯೂ ಕೆಡಬಹುದು. ಕೆಟ್ಟುದು ಬಹುದಿನ ಯಾರಿಗೂ ತಿಳಿಯದೆಯೂ ಇರಬಹುದು.

ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾಸರಗೋಡಿನ ಸೀಮೆಯ ನಮ್ಮ ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿತ ಹುಡುಗಿಯೊಬ್ಬಳು ಈಗ ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುತ್ತಾಳೆ. ಕಳೆದ ಓಣಂ ರಜೆಯಲ್ಲಿ ಬಂದವಳು, "ಮಾಸ್ಟ್ರೇ, ಕೆಲಸ ಬಿಡುವುದೆಂದು ಮಾಡಿದ್ದೇನೆ" ಎಂದಳು. ಕೆಲಸ ಕಠಿನವೆಂದಲ್ಲ. ಆಕೆಯ ಗುಂಪಿನಲ್ಲಿ ಯಾರ ದೋಷ ಹೊರಬಿದ್ದರೂ ಅದು ವರ್ಷಾಂತ್ಯದ ಯೋಗ್ಯತಾಪಟ್ಟಿಗೆ ಸೇರುತ್ತದಂತೆ. ಆದುದರಿಂದ ಯಾರೂ ತಮ್ಮ ಬರಹವನ್ನು ಕೊನೆಯ ದಿನದವರೆಗೆ ಇನ್ನೊಬ್ಬರಿಗೆ ತೋರಿಸುವುದಿಲ್ಲ. ಕೊನೆಗೆ ಎಲ್ಲರ ದೋಷಗಳೂ ಒಮ್ಮೆಲೇ ತಲೆಯೆತ್ತುತ್ತವೆ, ಎಲ್ಲರಿಗೂ ಜಾಗರಣೆ.

ಕೇಳಿದಾಗ ನನಗೆ ತರಗತಿಯೇ ಕಣ್ಣಮುಂದೆ ಬಂದಿತು. ಲೆಕ್ಕ ತಪ್ಪಿದ ಮಗು, ಉಪಾಧ್ಯಾಯ ಹತ್ತಿರ ಬಂದೊಡನೆ ಪುಸ್ತಕದ ಮೇಲೆ ಅಂಗೈ ಮುಚ್ಚುತ್ತದೆ. ಲೆಕ್ಕವನ್ನು ಎರಡು ನಿಮಿಷದಲ್ಲಿ ತಿದ್ದಬಹುದು. ಆ ಅಭ್ಯಾಸವನ್ನು ತಿದ್ದಲು ವರ್ಷಗಳು ಬೇಕು.

ಆ ಕಸುಬಿನ ಹಿರಿಯರು ಇದನ್ನು ಬಲ್ಲರು. 1971ರಲ್ಲಿ ಜೆರಾಲ್ಡ್ ವೈನ್‌ಬರ್ಗ್ ಎಂಬವರು ತಂತ್ರಾಂಶ ಬರೆಯುವವರ ಮನಶ್ಶಾಸ್ತ್ರವನ್ನು ಕುರಿತ ಗ್ರಂಥದಲ್ಲಿ, ಅಹಂಕಾರವನ್ನು ಬಿಟ್ಟು ಬರೆಯಬೇಕೆಂದೂ ಒಬ್ಬರ ಬರಹವನ್ನು ಇನ್ನೊಬ್ಬರು ಓದಬೇಕೆಂದೂ ಪ್ರತಿಪಾದಿಸಿದರು. ಮಹಾಗಣಿತಜ್ಞರಾದ ಜಾನ್ ಫಾನ್ ನೋಯ್ಮನ್ನರೇ ತಮ್ಮ ಬರಹವನ್ನು ಇತರರಿಂದ ಓದಿಸುತ್ತಿದ್ದರೆಂದು ಅವರು ಸ್ಮರಿಸುತ್ತಾರೆ. ತನ್ನ ಬೆನ್ನು ತನಗೆ ಕಾಣದೆಂಬುದು ಪಂಡಿತನಿಗೂ ಸಲ್ಲುವ ಮಾತು.

1976ರಲ್ಲಿ ಐಬಿಎಂ ಸಂಸ್ಥೆಯ ಮೈಕೇಲ್ ಫೇಗನ್ ಈ ಓದಿಗೊಂದು ಕ್ರಮವನ್ನು ಹಾಕಿಕೊಟ್ಟರು. ಸುಮಾರು ನಾಲ್ವರು ಬರಹವನ್ನು ಮೊದಲೇ ಓದಿಕೊಂಡು ಬಂದು ಸೇರಬೇಕು. ಕೂಟ ಎರಡು ಗಂಟೆ ಮೀರಬಾರದು. ಅಲ್ಲಿ ದೋಷವನ್ನು ಹುಡುಕುವುದಷ್ಟೇ ಕೆಲಸ, ತಿದ್ದುವುದು ಆಮೇಲೆ. ಜೊತೆಗೆ ಇನ್ನೊಂದು ನಿಯಮ: ಹಾಗೆ ಕಂಡ ದೋಷಗಳಿಂದ ಬರೆದವನ ಯೋಗ್ಯತೆಯನ್ನು ಅಳೆಯಕೂಡದು.

ಈ ಕಡೆಯ ನಿಯಮವಿಲ್ಲದೆ ಮೊದಲಿನವು ನಿಲ್ಲಲಾರವು. ಇಂದು ಬರಹವನ್ನು ಸಣ್ಣ ತುಂಡುಗಳಾಗಿ ಬರೆದು, ಮೂಲಕ್ಕೆ ಸೇರಿಸುವ ಮುನ್ನ ಇನ್ನೊಬ್ಬರಿಂದ ಓದಿಸುವುದು ಅನೇಕ ಕಡೆ ರೂಢಿಯಾಗಿದೆ. ದೋಷ ಬೇಗ ಸಿಕ್ಕಿದಷ್ಟೂ ತಿದ್ದುವ ಶ್ರಮ ಕಡಿಮೆ. ಈ ಪತ್ರಿಕೆಯನ್ನೇ ನೋಡಿ: ಸ್ಟೆನ್ಸಿಲ್ಲಿನಲ್ಲಿ ಕಂಡ ತಪ್ಪನ್ನು ಒಂದು ಕಡೆ ತಿದ್ದಿದರೆ ಸಾಕು, ಪ್ರತಿಗಳೆಲ್ಲ ಹೊರಬಿದ್ದ ಮೇಲೆ ಒಂದೊಂದು ಹಾಳೆಯನ್ನೂ ತಿದ್ದಬೇಕು. ಆದರೆ ತಪ್ಪಿಗೆ ಶಿಕ್ಷೆಯುಂಟೆಂದಾದರೆ ಅದನ್ನು ಬೇಗ ತೋರಿಸುವವರು ಯಾರು?

"ಬಿಡುವ ಮುನ್ನ ನಿನ್ನ ಅರೆಬರಹವನ್ನು ಪಕ್ಕದವರಿಗೆ ನೀನೇ ತೋರಿಸಿ ನೋಡು" ಎಂದೆ. ಈಗ ಮೂವರು ವಾರಕ್ಕೆರಡು ಸಲ ಒಬ್ಬರದನ್ನೊಬ್ಬರು ಓದುತ್ತಾರಂತೆ; ಜಾಗರಣೆ ಕಡಿಮೆಯಾಗಿದೆಯಂತೆ. ಮೇಲಿನವರ ಪಟ್ಟಿ ಮಾತ್ರ ಹಾಗೆಯೇ ಇದೆ. ಅದು ಅಳಿಯುವವರೆಗೆ ಆಕೆ ಅಲ್ಲಿ ನಿಲ್ಲುವಳೋ ಇಲ್ಲವೋ, ನಾನು ಹೇಳಲಾರೆ. ನಮ್ಮ ಶಾಲೆಗಳಲ್ಲಿಯಾದರೂ ಅಂಗೈ ತೆಗೆದ ಮಗುವಿಗೆ ಪೆಟ್ಟಿನ ಬದಲು ಮೆಚ್ಚುಗೆಯ ಮಾತು ಸಿಗಲಿ.