ಹಳೆಯ ಟ್ಯಾಂಕು

2022ರ ಜನವರಿ 26. ಕೊಟ್ಟೂರಿನ ಮನೆಯೊಂದರಲ್ಲಿ ನಿವೃತ್ತ ಯೋಧರೊಬ್ಬರು ದೆಹಲಿಯ ಗಣರಾಜ್ಯೋತ್ಸವದ ಪಥಸಂಚಲನವನ್ನು ದೂರದರ್ಶನದಲ್ಲಿ ನೋಡುತ್ತಿದ್ದರು. ಆ ವರ್ಷ ಅರ್ಜುನ್ ಟ್ಯಾಂಕುಗಳೊಡನೆ ಹಳೆಯ ಸೆಂಚೂರಿಯನ್ ಮತ್ತು ಪಿ.ಟಿ.-76 ಟ್ಯಾಂಕುಗಳೂ ರಾಜಪಥದಲ್ಲಿ ಸಾಗಿದವು. ಅರ್ಜುನ್ 58 ಟನ್ನಿನ ಭಾರಿ ಯಂತ್ರ. 14 ಟನ್ನಿನ ಪಿ.ಟಿ.-76 ನದಿಯನ್ನು ಈಜಿ ದಾಟಬಲ್ಲುದು. ಬಂಗಾಳದ ನದಿನಾಡಿಗೆ ಅದೇ ತಕ್ಕುದಾಗಿತ್ತು. ಆದರೆ ಹಗುರವಾಗಿರಬೇಕೆಂದು ಅದಕ್ಕೆ ತೊಡಿಸಿದ ಕವಚ ತೀರ ತೆಳು. 1971ರ ನವೆಂಬರಿನಲ್ಲಿ, ಗರೀಬ್‌ಪುರದ ಮಂಜಿನಲ್ಲಿ, ಅದು ಆ ಕವಚದೊಂದಿಗೇ ಶತ್ರುವಿನ ಚಾಫಿ ಟ್ಯಾಂಕುಗಳನ್ನು ಎದುರಿಸಿತು. ಮೆರವಣಿಗೆಯ ಹೊಸ ಬಣ್ಣದಲ್ಲಿ ಇದೊಂದೂ ಕಾಣುವುದಿಲ್ಲ.

"ನಮ್ಮೂರ ತೇರಿನ ಮುಂದೆ ಎಷ್ಟು ಸಣ್ಣದು, ಅಜ್ಜಾ!" ಎಂದು ಮೊಮ್ಮಗ ನಕ್ಕನು.

"ಸಣ್ಣದೇ. ಒಳಗೆ ಮೂವರಿದ್ದೆವು" ಎಂದರು ವೃದ್ಧರು. ಸ್ವಲ್ಪ ತಡೆದು, "ಹೊರಬಂದವರು ಇಬ್ಬರು" ಎಂದರು.