ಸರಳೆಯ ಸಂಜೆಗಳು

ಸಂಜೆ ಹೊತ್ತು ಬಸವನಗುಡಿಯ ಅಡ್ಡರಸ್ತೆಗಳಲ್ಲಿ ನಡೆದರೆ ಯಾವುದಾದರೊಂದು ಮನೆಯ ಬಾಗಿಲಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳು ಕಾಣುತ್ತವೆ. ಒಳಗೆ ಜಮಖಾನದ ಮೇಲೆ ಕೂತ ಮಕ್ಕಳು ತೊಡೆ ತಟ್ಟಿ ತಾಳ ಹಾಕುತ್ತ ಸರಳೆ ಹೇಳುತ್ತಿರುತ್ತಾರೆ. ಆ ಸದ್ದು ನನಗೆ ಕಛೇರಿಯ ಆಲಾಪನೆಯಷ್ಟೇ ಪ್ರಿಯ. ತಂಗಿಯ ಮಗಳನ್ನು ಪಾಠಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದ ಮೇಲಂತೂ ಅದರ ರುಚಿ ಇನ್ನಷ್ಟು ಹತ್ತಿದೆ.

ಜಗುಲಿಯಲ್ಲಿ ಕಾಯುವ ಅಪ್ಪ ಅಮ್ಮಂದಿರ ಮಾತು ಸುತ್ತಿ ಬಳಸಿ ಒಂದೇ ಕಡೆ ಬರುತ್ತದೆ: "ಇನ್ನೂ ಸರಳೇಲೇ ಇದಾಳೆ ಕಣ್ರೀ. ಹಾಡು ಯಾವಾಗ ಶುರು ಮಾಡ್ತಾರೋ!" ಆ ಆತುರ ಅಕ್ಕರೆಯಿಂದಲೇ ಹುಟ್ಟಿದ್ದು. ಸರಳೆಯಲ್ಲಿ ಏನೇನು ನಡೆಯುತ್ತಿದೆ ಎಂದು ಕಿವಿಗೊಟ್ಟು ಕೇಳಿದರೆ ಅದು ತಾನಾಗಿ ಇಳಿಯುತ್ತದೆ.

ಮೊದಲ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ಅಳವಡಿಸಿದವರು 16ನೆಯ ಶತಮಾನದ ಪುರಂದರದಾಸರು ಎಂದು ಪರಂಪರೆ ನೆನೆಯುತ್ತದೆ. ಎಂಥ ಆಯ್ಕೆ ಅದು! ಷಡ್ಜದ ಒತ್ತಿಗೇ ರಿಷಭ. ಅಲ್ಲಿಂದ ದೊಡ್ಡ ಜಿಗಿತ. ಗಾಂಧಾರದ ಒತ್ತಿಗೇ ಮಧ್ಯಮ. ಪಂಚಮದಿಂದ ಮೇಲಕ್ಕೂ ಅದೇ ಅಳತೆ: ಧೈವತ ಪಕ್ಕದಲ್ಲೇ, ನಿಷಾದ ದೂರ, ಅದಕ್ಕೆ ತಾಗಿದಂತೆ ತಾರಷಡ್ಜ. ಕೆಳಗಿನ ನಾಲ್ಕು ಸ್ವರಗಳಲ್ಲಿ ಕಲಿತ ದಾರಿಯನ್ನೇ ಎಳೆಯ ಕಂಠ ಮೇಲಿನ ನಾಲ್ಕರಲ್ಲಿ ಮತ್ತೆ ಗುರುತಿಸುತ್ತದೆ. ಇದಕ್ಕೆ ಆದಿತಾಳದ ಎಂಟು ಅಕ್ಷರಗಳ ಕಟ್ಟು. ಒಂದನೇ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಬಾಯಿ ಓಡಿದರೂ ಕೈ ಓಡಬಾರದು. ಎಂಟು ವರ್ಷದ ಮಗು ಇದನ್ನು ಸಾಧಿಸುವುದನ್ನು ನೋಡಿ ನಾನು ಎಷ್ಟೋ ಸಲ ಬೆರಗಾಗಿದ್ದೇನೆ.

ಮುಂದೆ ಜಂಟಿ, ದಾಟು, ಏಳು ತಾಳಗಳ ಅಲಂಕಾರ. ಆಮೇಲೆ ಮಲಹರಿಯ ಗೀತೆ. ಮಲಹರಿ ಮಾಯಾಮಾಳವಗೌಳದ ಜನ್ಯರಾಗ. ಅದರ ಸ್ವರಗಳೆಲ್ಲ ಮಗುವಿಗೆ ಆಗಲೇ ಪರಿಚಿತ. ಸರಳೆ ಗಟ್ಟಿಯಾಗಿದ್ದರೆ ಮೊದಲ ಗೀತೆ ಎಷ್ಟು ಹಗುರಾಗಿ ಬಾಯಿಗೆ ಬರುತ್ತದೆಂದರೆ, ಕಾದದ್ದೆಲ್ಲ ಸಾರ್ಥಕ ಅನ್ನಿಸುತ್ತದೆ.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ, ಮನೆಯವರು ಗಮನಿಸಬೇಕಾದ್ದಿದೆ. ಎಲ್ಲಕ್ಕಿಂತ ಮೊದಲು ಶ್ರುತಿ. ಗುಂಪಿನ ಪಾಠದಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿ ಹಾಡಬೇಕಾಗುತ್ತದೆ. ನಿಮ್ಮ ಮಗು ತಾರಷಡ್ಜಕ್ಕೆ ಕತ್ತಿನ ನರ ಉಬ್ಬಿಸಿ ಕೂಗುತ್ತಿದೆಯೇ, ಕೆಳಗಿನ ಸ್ವರಗಳಲ್ಲಿ ದನಿ ಅಡಗಿಹೋಗುತ್ತಿದೆಯೇ ನೋಡಿ, ಗುರುಗಳ ಹತ್ತಿರ ಮಾತಾಡಿ. ಹುಡುಗರಿಗೆ ದನಿ ಒಡೆಯುವ ವಯಸ್ಸಿನಲ್ಲಿ ಶ್ರುತಿ ಇಳಿಸಿಕೊಂಡು, ಒತ್ತಾಯವಿಲ್ಲದೆ ಮುಂದುವರಿಸಬೇಕು. ಎಷ್ಟೋ ಹುಡುಗರು ನಾಚಿಕೊಂಡು ಪಾಠ ಬಿಡುವುದು ಆಗಲೇ. ಪಿಟೀಲು ಕಲಿಯುವ ಮಗುವಾದರೆ ಕೈಯಳತೆಗೆ ತಕ್ಕ ಅರ್ಧ, ಮುಕ್ಕಾಲು ಸೈಜಿನ ವಾದ್ಯಗಳುಂಟು. ಬೆಳೆದ ಮೇಲೆ ಬೇಕಾಗುತ್ತದೆಂದು ದೊಡ್ಡದನ್ನೇ ಕೊಡಿಸಿದರೆ ಎಳೆಯ ಬೆರಳುಗಳು ಸ್ವರಸ್ಥಾನ ಮುಟ್ಟಲು ಹೆಣಗುತ್ತವೆ.

ಇನ್ನು ಸಾಧನೆ. ವಾರಕ್ಕೆರಡು ದಿನದ ಪಾಠ ದಾರಿ ತೋರಿಸುತ್ತದೆ, ನಡೆಯುವುದು ಮನೆಯಲ್ಲಿ. ದಿನಾ ಕಾಲು ಗಂಟೆ ಸಾಕು, ಹೊತ್ತು ಮಾತ್ರ ತಪ್ಪಬಾರದು. ಟಿವಿ ಆರಿಸಿ, ಶ್ರುತಿ ಹಾಕಿ, ಹತ್ತಿರ ಕೂತುಕೊಳ್ಳಿ. ತಂಬೂರಿ ಮಿಡಿಯುವವರು ಮನೆಯಲ್ಲಿ ಇರಲೇಬೇಕೆಂದಿಲ್ಲ. ಬೆಂಗಳೂರಿನವರೇ ಆದ ಜಿ. ರಾಜನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಯನ್ನು ರೂಪಿಸಿ ಈ ಕಷ್ಟ ನೀಗಿಸಿದರು. ಈಗ ಮೊಬೈಲಿನಲ್ಲೂ ಅದು ಸಿಗುತ್ತದೆ. ಪಾಠವನ್ನು ರೆಕಾರ್ಡ್ ಮಾಡಿಕೊಳ್ಳುವುದಾದರೆ ಗುರುಗಳನ್ನು ಕೇಳಿಯೇ ಮಾಡಿ.

ಕೇಳ್ಮೆಯೂ ಪಾಠವೇ. ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸುತ್ತ ಬಂದ ರಾಮನವಮಿ ಉತ್ಸವಕ್ಕೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಪೆಂಡಾಲು ಏಳುತ್ತದೆ. ಅಲ್ಲಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾಳ ಹಾಕಿಸಿ. ಮಧ್ಯದಲ್ಲಿ ನಿದ್ದೆ ಬಂದರೆ ಮಲಗಲಿ. ತಾನು ತೊಡೆಯ ಮೇಲೆ ಹಾಕುವ ತಾಳವನ್ನೇ ಇಡೀ ಸಭೆ ಹಾಕುತ್ತಿದೆ ಎಂದು ಕಂಡ ಮಗುವಿಗೆ ಮರುದಿನದ ಸರಳೆ ಬೇಸರ ತರುವುದಿಲ್ಲ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೂ ಕಟ್ಟಿಸಬಹುದು. ಓದಿಗೊಂದು ಶಿಸ್ತು ಬರುತ್ತದೆ. ಆದರೆ ಯಾವಾಗ ಎಂಬುದನ್ನು ಗುರುಗಳು ಹೇಳಲಿ. ಪಕ್ಕದ ಮನೆಯ ಮಗು ಕಟ್ಟಿತೆಂಬುದು ಕಾರಣವಾಗದಿರಲಿ.

ಸಂಗೀತ ಕಲಿಯುವ ಮಗುವಿಗೆ ಮನೆಯವರು ಕೊಡಬಹುದಾದ ದೊಡ್ಡ ಕೊಡುಗೆ ಅವರ ಕಿವಿ. ಆದ್ದರಿಂದ ಪಾಠದಿಂದ ಬಂದ ಮಗುವನ್ನು "ಹೊಸದೇನು ಹೇಳಿಕೊಟ್ಟರು?" ಎಂದು ಕೇಳಬೇಡಿ. "ಇವತ್ತಿನದನ್ನು ಹೇಳು ಪುಟ್ಟಿ, ನಾನೂ ತಾಳ ಹಾಕ್ತೀನಿ" ಅನ್ನಿ. ಮೂರೂ ಕಾಲ ಮುಗಿಯುವವರೆಗೆ ಏಳಬೇಡಿ.