ಅಂಟುವ ಮುನ್ನ

ಅಲ್ಯೂಮಿನಿಯಂ ಹಾಳೆಯನ್ನು ಎಷ್ಟೇ ತಿಕ್ಕಿ ತೊಳೆದರೂ ಅದು ಬರಿಮೈಯಲ್ಲಿ ನಿಲ್ಲುವುದಿಲ್ಲ. ಗಾಳಿ ಸೋಕಿದ ಕೂಡಲೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಹೊದೆದುಕೊಳ್ಳುತ್ತದೆ. ಅಡುಗೆಮನೆಯ ಪಾತ್ರೆಯನ್ನು ಕಾಯುವುದು ಇದೇ ಪೊರೆ. ಆದರೆ ಎರಡು ಹಾಳೆಗಳನ್ನು ಎಪಾಕ್ಸಿಯಿಂದ ಬೆಸೆಯುವವರು ಇದನ್ನು ನಂಬುವಂತಿಲ್ಲ. ಅಂಟು ಹಿಡಿದುಕೊಳ್ಳುವುದು ಲೋಹವನ್ನಲ್ಲ, ಪೊರೆಯನ್ನು. ಪೊರೆಯೇ ಸಡಿಲವಾಗಿದ್ದರೆ ಅಂಟು ಗಟ್ಟಿಯಾಗಿದ್ದು ಏನು ಬಂತು? ಕನ್ನಡದಲ್ಲಿ ಅಂಟಿನ ಜೊತೆಗೆ ನಂಟು ಬರುವುದು ಸುಮ್ಮನೆ ಪ್ರಾಸಕ್ಕಲ್ಲ ಅನಿಸುತ್ತದೆ.

ಹಾಗಾಗಿ ಹಳೆಯ ಪೊರೆ ಕಿತ್ತು ಹೊಸದನ್ನು ಬೆಳೆಸಬೇಕು. ಮೊದಲು ಜಿಡ್ಡು ತೆಗೆಯುವುದು, ಆಮೇಲೆ ಕ್ಷಾರ, ಆಮೇಲೆ ಆಮ್ಲ. ದಶಕಗಳ ಕಾಲ ಆ ಆಮ್ಲವೆಂದರೆ ಗಂಧಕಾಮ್ಲಕ್ಕೆ ಸೋಡಿಯಂ ಡೈಕ್ರೋಮೇಟ್ ಬೆರೆಸಿ 65-70 ಡಿಗ್ರಿಗೆ ಕಾಯಿಸಿದ ಕಿತ್ತಳೆ ಬಣ್ಣದ ದ್ರಾವಣ. ಅದು ರೂಪುಗೊಂಡದ್ದು ಅಮೆರಿಕದ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದಲ್ಲಿ. ಮರದ ಅಂಟು ಬಲ್ಲವರೇ ವಿಮಾನದ ಅಂಟಿಗೂ ದಾರಿ ತೋರಿಸಿದರು. ತೊಳೆದ ಮೇಲೆ ಒಂದು ಪರೀಕ್ಷೆ ಇದೆ, ಯಂತ್ರ ಬೇಡದ್ದು. ನೀರು ಒಡೆಯದೆ ಒಂದೇ ಪದರವಾಗಿ ಹರಡಿದರೆ ಸರಿ. ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಮತ್ತೆ ಮೊದಲಿನಿಂದ.

ಇಲ್ಲಿ ತಪ್ಪಿದ್ದು ಅಂದೇ ಗೊತ್ತಾಗುವುದಿಲ್ಲ. ಕೆಟ್ಟ ಬೆಸುಗೆಯೂ ಮೊದಲ ದಿನ ಗಟ್ಟಿಯೇ. ತೇವ ಮೆಲ್ಲಗೆ ಒಳಹೊಕ್ಕು ವರ್ಷಗಳ ನಂತರ ಬಿಡಿಸುತ್ತದೆ. 1988ರ ಏಪ್ರಿಲ್ 28ರಂದು ಹವಾಯಿಯ ಆಕಾಶದಲ್ಲಿ ಅಲೋಹಾ ಏರ್‌ಲೈನ್ಸ್‌ನ 19 ವರ್ಷದ ಬೋಯಿಂಗ್ 737ರ ಮೇಲ್ಛಾವಣಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತುಹೋಯಿತು. ಹಾಳೆಗಳ ಅಂಚಿನ ಅಂಟು ಬಿಟ್ಟು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ಬಿರುಕುಗಳು ಬೆಳೆದಿದ್ದವು. ಒಬ್ಬ ಗಗನಸಖಿ ಹೊರಕ್ಕೆ ಸೆಳೆದುಹೋದರು. ಅವರ ದೇಹ ಸಿಗಲೇ ಇಲ್ಲ.

ಅಂಟು ನಿಲ್ಲಲು ನೆರವಾದ ಕ್ರೋಮಿಯಂ ಮನುಷ್ಯನಿಗೆ ಕ್ಯಾನ್ಸರ್ ತರುವಂಥದ್ದು. 1970ರ ದಶಕದಲ್ಲಿ ಬೋಯಿಂಗ್ ಫಾಸ್ಫರಿಕ್ ಆಮ್ಲದಲ್ಲಿ ವಿದ್ಯುತ್ ಹರಿಸಿ ಪೊರೆ ಬೆಳೆಸುವ ವಿಧಾನ ತಂದಿತು. ತೇವವನ್ನು ಅದೇ ಚೆನ್ನಾಗಿ ತಡೆಯಿತು. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ಡೈಕ್ರೋಮೇಟ್ ಬಳಸಲು ವಿಶೇಷ ಅನುಮತಿ ಬೇಕು. ಆದರೆ ಯಾವ ವಿಧಾನಕ್ಕೂ ತೊಳೆಯುವ ನೀರು ತಪ್ಪಿದ್ದಲ್ಲ, ಆ ನೀರು ಎಲ್ಲಾದರೂ ಹೋಗಲೇಬೇಕು.

ಕಲ್ಯಾಣ್ ಬಿಟ್ಟು ಕರ್ಜತ್ ಕಡೆಗೆ ಹೊರಟ ಸ್ಲೋ ಲೋಕಲ್ ಮೊದಲು ನಿಲ್ಲುವುದು ವಿಠ್ಠಲವಾಡಿಯಲ್ಲಿ. ಅಂಬರನಾಥ, ಉಲ್ಲಾಸನಗರಗಳ ಕಾರ್ಖಾನೆ ನೀರು ಹೊತ್ತ ವಾಲಧುನಿ ಈ ಕಡೆಯಿಂದಲೇ ಹರಿದು ಉಲ್ಲಾಸ್ ನದಿಯತ್ತ ಸಾಗುತ್ತದೆ. 2014ರ ನವೆಂಬರ್‌ನಲ್ಲಿ ಯಾರೋ ಟ್ಯಾಂಕರಿನಿಂದ ಅದಕ್ಕೆ ಸುರಿದ ರಾಸಾಯನಿಕದ ಹೊಗೆಗೆ ಉಲ್ಲಾಸನಗರದ ನೂರಾರು ಜನ ಆಸ್ಪತ್ರೆ ಸೇರಿದರು. ಅದು ಈ ಕೆಲಸದ್ದೇ ಆಮ್ಲ ಎಂದಲ್ಲ. ಲೋಹ ತೊಳೆದ ನೀರಿಗೂ ಇಲ್ಲಿ ಬೇರೆ ಹಳ್ಳವಿಲ್ಲ, ಅಷ್ಟೆ.